ಎಲ್ಟನ್, ಚಾರ್ಲ್ಸ್ ಸದರ್ಲೆಂಡ್

ಚಾರ್ಲ್ಸ್ ಎಲ್ಟನ್ (1900–1991) ಇಂಗ್ಲೆಂಡಿನ ಪ್ರಾಣಿಪರಿಸರ ವಿಜ್ಞಾನಿ. ಆಹಾರ ಸರಪಳಿ, ಸಂಖ್ಯಾ ಪಿರಮಿಡ್‌ಗಳ ಚಿತ್ರವನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಬರೆದು ತೋರಿಸುತ್ತಾರೆ. ಅವುಗಳಿಗೆ ಈಗಿನ ರೂಪ ಕೊಟ್ಟವ ಈತ. ಹೊರನಾಡಿನಿಂದ ಬಂದು ಬೇರೂರಿ ಹಬ್ಬುವ ಜೀವಿಗಳನ್ನೇ ವಸ್ತುವಾಗಿಟ್ಟುಕೊಂಡು ಆ ಶಾಖೆಗೆ ಬುನಾದಿಯಾದ ಗ್ರಂಥ ಬರೆದವನೂ ಈತನೇ. ಹವಾಮಾನದ ಏರುಪೇರು ಪ್ರಾಣಿಗಳ ಸಂಖ್ಯೆಯನ್ನು ಹೇಗೆ ಕುಣಿಸುತ್ತದೆ ಎಂಬ ಪ್ರಶ್ನೆಯಿಂದ ಹೊರಟು, ಹೊಸ ಜೀವಿಯೊಂದು ಕಾಲಿಟ್ಟಾಗ ಇಡೀ ಸಮುದಾಯ ಹೇಗೆ ಅಲುಗಾಡುತ್ತದೆ ಎಂಬ ಪ್ರಶ್ನೆಯವರೆಗೆ ಸಾಗಿದ ಈತನ ವೃತ್ತಿಜೀವನ ಮೇಲ್ನೋಟಕ್ಕೆ ಚದುರಿದಂತೆ ಕಾಣುತ್ತದೆ: ಧ್ರುವಪ್ರದೇಶದ ಯಾತ್ರೆ, ತುಪ್ಪುಳ ಚರ್ಮದ ವ್ಯಾಪಾರಿಗಳ ಸಲಹೆಗಾರಿಕೆ, ಯುದ್ಧಕಾಲದ ಇಲಿ ನಿಗ್ರಹ, ಬಾನುಲಿ ಭಾಷಣ, ಒಂದೇ ಕಾಡಿನ ಎರಡು ದಶಕದ ಸಮೀಕ್ಷೆ. ಆದರೆ ಹಿಡಿದ ಪಟ್ಟು ಒಂದೇ. ಪ್ರಾಣಿ ಹೇಗಿದೆ ಎಂದು ವರ್ಣಿಸಿದರೆ ಸಾಲದು. ಎಷ್ಟಿದೆ, ಹೋದ ವರ್ಷ ಎಷ್ಟಿತ್ತು, ಏಕೆ ಬದಲಾಯಿತು ಎಂದು ಕೇಳಬೇಕು.

ಓದು ಮತ್ತು ಧ್ರುವಯಾತ್ರೆ

ಎಲ್ಟನ್ ಹುಟ್ಟಿದ್ದು 1900ರ ಮಾರ್ಚ್ 29ರಂದು, ಮ್ಯಾಂಚೆಸ್ಟರಿನಲ್ಲಿ. ತಂದೆ ಆಲಿವರ್ ಎಲ್ಟನ್ ಇಂಗ್ಲಿಷ್ ಸಾಹಿತ್ಯದ ವಿದ್ವಾಂಸ, ಮುಂದೆ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ. ತಾಯಿ ಲೆಟಿಷಿಯಾ ಮಕ್ಕಳ ಪುಸ್ತಕಗಳ ಲೇಖಕಿ. ಪುಸ್ತಕಗಳ ನಡುವೆ ಬೆಳೆದ ಹುಡುಗನನ್ನು ಹೊಲ ಹಳ್ಳಗಳ ಕಡೆಗೆ ಎಳೆದವನು ಅಣ್ಣ ಜೆಫ್ರಿ. ಲಿವರ್‌ಪೂಲಿನಲ್ಲಿ ಶಾಲೆ ಮುಗಿಸಿ ಆಕ್ಸ್‌ಫರ್ಡಿನ ನ್ಯೂ ಕಾಲೇಜು ಸೇರಿದ ಎಲ್ಟನ್ 1922ರಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದ. ಆಗಿನ ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವೆಂದರೆ ಬಹುಮಟ್ಟಿಗೆ ಅಂಗರಚನೆ ಮತ್ತು ಭ್ರೂಣವಿಜ್ಞಾನ. ಬದುಕಿರುವ ಪ್ರಾಣಿಯನ್ನು ಅದು ಇರುವ ಕಡೆಯೇ ಹೋಗಿ ನೋಡುವುದು ಹವ್ಯಾಸಿಗಳ ಕೆಲಸ ಎಂಬ ಭಾವನೆ ವಿದ್ವಾಂಸರಲ್ಲಿ ಇತ್ತು. ಈ ಭಾವನೆಗೆ ಅಪವಾದವಾಗಿದ್ದವನು ಅಧ್ಯಾಪಕ ಜೂಲಿಯನ್ ಹಕ್ಸ್‌ಲಿ.

ಹಕ್ಸ್‌ಲಿ 1921ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ತಂಡದೊಂದಿಗೆ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೊರಟಾಗ ಇನ್ನೂ ವಿದ್ಯಾರ್ಥಿಯಾಗಿದ್ದ ಎಲ್ಟನ್‌ನನ್ನು ಸಹಾಯಕನಾಗಿ ಕರೆದೊಯ್ದ. 1923 ಮತ್ತು 1924ರಲ್ಲಿ ಎಲ್ಟನ್ ಇನ್ನೆರಡು ಬಾರಿ ಅದೇ ಹಿಮಪ್ರದೇಶಕ್ಕೆ ಹೋದ. ನಾರ್ವೆಗೂ ಸ್ಪಿಟ್ಸ್‌ಬರ್ಗನ್‌ಗೂ ನಡುವೆ ಇರುವ ಬೇರ್ ದ್ವೀಪದಲ್ಲಿ ಸಸ್ಯಶಾಸ್ತ್ರಜ್ಞ ಸಮರ್‌ಹೇಸ್ ಜೊತೆಗೂಡಿ ಮಾಡಿದ ಕೆಲಸ 1923ರಲ್ಲಿ ಅಚ್ಚಾಯಿತು. ಅದರೊಳಗಿನ ಒಂದು ರೇಖಾಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಮರುಮುದ್ರಣಗೊಳ್ಳುತ್ತದೆ.

ಬೇರ್ ದ್ವೀಪ ಬೋಳು ನೆಲ. ಅಲ್ಲಿನ ಮಣ್ಣಿಗೆ ಸಾರಜನಕ ಬರುವ ಮುಖ್ಯ ದಾರಿ ಕಡಲಹಕ್ಕಿಗಳ ಹಿಕ್ಕೆ. ಹಕ್ಕಿಗಳು ಸಮುದ್ರದಲ್ಲಿ ಮೀನು ಹಿಡಿಯುತ್ತವೆ, ಬಂಡೆಯ ಮೇಲೆ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದ ಕಡೆ ಪಾಚಿ, ಹುಲ್ಲು ಚಿಗುರುತ್ತದೆ. ಅದನ್ನು ತಿನ್ನುವ ಸಣ್ಣ ಹುಳುಗಳನ್ನು ಜೇಡ ಹಿಡಿಯುತ್ತದೆ. ಹುಳುವನ್ನೂ ಜೇಡವನ್ನೂ ಪುಟ್ಟ ಹಕ್ಕಿಗಳು ಹೆಕ್ಕುತ್ತವೆ. ಹಕ್ಕಿಯನ್ನೂ ಅದರ ಮೊಟ್ಟೆಯನ್ನೂ ಹಿಮನರಿ ತಿನ್ನುತ್ತದೆ. ಸಮುದ್ರದ ಕಡೆಯಿಂದ ಸೀಲ್, ಅದರ ಹಿಂದೆ ಹಿಮಕರಡಿ. ಯಾರು ಯಾರನ್ನು ತಿನ್ನುತ್ತಾರೆ ಎಂಬ ಬಾಣದ ಗುರುತುಗಳಿಂದ ಇಡೀ ದ್ವೀಪವನ್ನು ಒಂದೇ ಪುಟದಲ್ಲಿ ಹಿಡಿದಿಟ್ಟ ಮೊದಲ ಆಹಾರ ಜಾಲಗಳಲ್ಲಿ ಇದೂ ಒಂದು. ಉಷ್ಣವಲಯದ ಕಾಡಿನಲ್ಲಿ ಇಂಥ ಚಿತ್ರ ಬರೆಯಲು ಹೊರಟಿದ್ದರೆ ಮೊದಲ ವಾರದಲ್ಲೇ ಕೈಚೆಲ್ಲಬೇಕಾಗುತ್ತಿತ್ತು. ಪ್ರಭೇದಗಳು ಕಡಿಮೆ ಇದ್ದದ್ದೇ ಎಲ್ಟನ್‌ಗೆ ಅನುಕೂಲವಾಯಿತು.

ಲಿಂಕ್ಸ್ ಲೆಕ್ಕ ಮತ್ತು ಸೌರಕಲೆ

1923ರ ಯಾತ್ರೆಯಿಂದ ಹಿಂತಿರುಗುವಾಗ ನಾರ್ವೆಯ ಟ್ರಾಮ್ಸೋ ಪಟ್ಟಣದಲ್ಲಿ, ಕೈಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಹಣದಿಂದ ಎಲ್ಟನ್ ಒಂದು ಪುಸ್ತಕ ಕೊಂಡ: ರಾಬರ್ಟ್ ಕೊಲೆಟ್ ಬರೆದ, ನಾರ್ವೆಯ ಸ್ತನಿಗಳನ್ನು ಕುರಿತ ಗ್ರಂಥ. ಭಾಷೆ ಬರುತ್ತಿರಲಿಲ್ಲ, ನಿಘಂಟು ಇಟ್ಟುಕೊಂಡು ಓದಿದ. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿ ಕೆಲವು ವರ್ಷಗಳಿಗೊಮ್ಮೆ ವಿಪರೀತ ಹೆಚ್ಚಿ ಬೆಟ್ಟದಿಂದ ಇಳಿದುಬರುವ ವರ್ಷಗಳ ದಾಖಲೆ ಅದರಲ್ಲಿತ್ತು. ಆ ವರ್ಷಗಳು ಮೂರು ನಾಲ್ಕು ವರ್ಷದ ಅಂತರದಲ್ಲಿ ಮರುಕಳಿಸುತ್ತವೆ ಎಂಬುದು ಎಲ್ಟನ್‌ಗೆ ಹೊಳೆಯಿತು. ಅದೇ ಕಾಲಕ್ಕೆ ಗಾರ್ಡನ್ ಹ್ಯೂಯಿಟ್‌ನ ಪುಸ್ತಕದಲ್ಲಿ ಕೆನಡಾದ ಹಿಮಮೊಲ ಮತ್ತು ಲಿಂಕ್ಸ್ ಎಂಬ ಕಾಡುಬೆಕ್ಕಿನ ಚರ್ಮದ ವ್ಯಾಪಾರದ ನಕ್ಷೆಗಳೂ ಕಣ್ಣಿಗೆ ಬಿದ್ದವು. ಅಲ್ಲಿ ಏರಿಳಿತದ ಅಂತರ ಸುಮಾರು ಹತ್ತು ವರ್ಷ.

ಎರಡನ್ನೂ ಸೇರಿಸಿ 1924ರಲ್ಲಿ ಎಲ್ಟನ್ ಪ್ರಕಟಿಸಿದ ಪ್ರಬಂಧ ಪ್ರಾಣಿಸಂಖ್ಯೆಯ ಆವರ್ತಗಳ ಅಧ್ಯಯನಕ್ಕೆ ಬುನಾದಿ. ಪ್ರಕೃತಿಯಲ್ಲಿ ಸಮತೋಲ ಇದೆ, ಬಿಟ್ಟರೆ ಎಲ್ಲವೂ ತಾನಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ ಎಂಬ ಹಳೆಯ ನಂಬಿಕೆಯನ್ನು ಅದು ನೇರವಾಗಿ ಪ್ರಶ್ನಿಸಿತು. ಕಾರಣವಾಗಿ ಎಲ್ಟನ್ ಹವಾಮಾನದ ಕಡೆಗೆ ಬೆರಳು ಮಾಡಿದ: ದೂರ ದೂರದ ದೇಶಗಳಲ್ಲಿ ಒಂದೇ ಬಾರಿಗೆ ಪ್ರಾಣಿಗಳು ಹೆಚ್ಚುವುದಾದರೆ ಅವೆಲ್ಲಕ್ಕೂ ಸಮಾನವಾದದ್ದು ಹವಾಮಾನವೊಂದೇ, ಅದನ್ನು ಏರಿಳಿಸುತ್ತಿರುವುದು ಹನ್ನೊಂದು ವರ್ಷದ ಸೌರಕಲೆಗಳ ಚಕ್ರವಿರಬಹುದು. ಇದೇ ಪ್ರಬಂಧದಲ್ಲಿ ಲೆಮ್ಮಿಂಗ್‌ಗಳು ಸಾಲುಗಟ್ಟಿ ಸಮುದ್ರಕ್ಕೆ ಹಾರುವ ವರ್ಣನೆಯೂ ಬರುತ್ತದೆ. ಅದು ಕಣ್ಣಾರೆ ಕಂಡದ್ದಲ್ಲ, ಓದಿದ್ದು. ಲೆಮ್ಮಿಂಗ್‌ಗಳ ಸಾಮೂಹಿಕ ಆತ್ಮಹತ್ಯೆ ಎಂಬ ಕಟ್ಟುಕಥೆಗೆ, ಎಣಿಕೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಈ ವಿಜ್ಞಾನಿಯೂ ತನ್ನ ಪಾಲು ಸಲ್ಲಿಸಿದಂತಾಯಿತು.

ಚರ್ಮದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿ 1925ರಲ್ಲಿ ಎಲ್ಟನ್‌ನನ್ನು ಜೀವವಿಜ್ಞಾನ ಸಲಹೆಗಾರನಾಗಿ ನೇಮಿಸಿಕೊಂಡಿತು. ಮುಂದಿನ ವರ್ಷ ಎಷ್ಟು ಚರ್ಮ ಸಿಗಬಹುದು ಎಂದು ಮೊದಲೇ ತಿಳಿದರೆ ವ್ಯಾಪಾರಕ್ಕೆ ಲಾಭ, ಅದು ಕಂಪನಿಯ ಆಸಕ್ತಿ. ಎಲ್ಟನ್‌ನ ಕಣ್ಣು ಇದ್ದದ್ದು ಕಂಪನಿಯ ಹಳೆಯ ಲೆಕ್ಕದ ಪುಸ್ತಕಗಳ ಮೇಲೆ. ಯಾವ ಠಾಣೆಯಿಂದ ಯಾವ ವರ್ಷ ಎಷ್ಟು ಲಿಂಕ್ಸ್ ಚರ್ಮ ಲಂಡನ್ನಿಗೆ ಬಂತು ಎಂಬುದನ್ನು ಹದಿನೆಂಟನೆಯ ಶತಮಾನದಿಂದ ಗುಮಾಸ್ತರು ಬರೆದಿಟ್ಟಿದ್ದರು. ಅವರಾರೂ ವಿಜ್ಞಾನಕ್ಕೆಂದು ಬರೆದವರಲ್ಲ. ಹೀಗಾಗಿ ಆ ಅಂಕಿಗಳಲ್ಲಿ ಕಾಡಿನ ಸತ್ಯದ ಜೊತೆಗೆ ಬೆಲೆಯ ಏರಿಳಿತ, ಬೇಟೆಗಾರರ ಉತ್ಸಾಹ, ಠಾಣೆಗಳ ಸ್ಥಳಾಂತರ ಎಲ್ಲವೂ ಬೆರೆತಿತ್ತು. ಅದನ್ನು ಸೋಸಿ ತೆಗೆಯಲು ವರ್ಷಗಳೇ ಹಿಡಿದವು. ಜೊತೆಗೆ, ಈ ವರ್ಷ ಮೊಲ ಹೆಚ್ಚೋ ಕಡಿಮೆಯೋ ಎಂದು ಠಾಣೆಗಳ ಮೇಲ್ವಿಚಾರಕರನ್ನು ಪ್ರತಿವರ್ಷ ಕೇಳುವ ಪ್ರಶ್ನಾವಳಿಯ ಪದ್ಧತಿಯೂ ಶುರುವಾಯಿತು.

ಮೇರಿ ನಿಕಲ್ಸನ್ ಜೊತೆ ಸೇರಿ 1942ರಲ್ಲಿ ಪ್ರಕಟಿಸಿದ ಲಿಂಕ್ಸ್ ಪ್ರಬಂಧದಲ್ಲಿ 1736ರಿಂದ 1934ರವರೆಗಿನ ಅಂಕಿಗಳಿವೆ. ಆವರ್ತ ನಿಜ, ಸರಾಸರಿ ಒಂಬತ್ತೂವರೆ ವರ್ಷದಷ್ಟು. ಆದರೆ ಸೌರಕಲೆಯ ಹನ್ನೊಂದು ವರ್ಷದ ಹೆಜ್ಜೆಗೂ ಇದಕ್ಕೂ ತಾಳ ಕೂಡುವುದಿಲ್ಲ. ಕೆಲವು ದಶಕ ಜೊತೆಯಾಗಿ ನಡೆದಂತೆ ಕಂಡು ಆಮೇಲೆ ದಾರಿ ತಪ್ಪುತ್ತದೆ. ಕೆನಡಾದ ಮ್ಯಾಕ್‌ಲುಲಿಕ್ 1937ರಲ್ಲೇ ಹಿಮಮೊಲದ ವಿಷಯದಲ್ಲಿ ಇದನ್ನು ತೋರಿಸಿದ್ದ. ಎಲ್ಟನ್ ತನ್ನ ಪ್ರಿಯ ಸಿದ್ಧಾಂತವನ್ನು ಕೈಬಿಟ್ಟ. ಹಾಗೆಂದು ಹವಾಮಾನ ಪೂರ್ತಿ ಹೊರಗೆ ಹೋಗಲಿಲ್ಲ. ಇದೇ ಲಿಂಕ್ಸ್ ಅಂಕಿಗಳನ್ನು ಹಿಡಿದ ಸಂಖ್ಯಾಶಾಸ್ತ್ರಜ್ಞ ಮೊರಾನ್ 1953ರಲ್ಲಿ, ಆವರ್ತವನ್ನು ಹುಟ್ಟಿಸುವುದು ಒಂದು, ಬೇರೆ ಬೇರೆ ಕಡೆಯ ಆವರ್ತಗಳನ್ನು ಒಂದೇ ಹೆಜ್ಜೆಗೆ ತರುವುದು ಇನ್ನೊಂದು ಎಂದು ವಿಂಗಡಿಸಿದ. ಎರಡನೆಯ ಕೆಲಸಕ್ಕೆ ವಿಶಾಲ ಪ್ರದೇಶದ ಸಮಾನ ಹವೆ ಸಾಕು. ಇದಕ್ಕೆ ಮೊರಾನ್ ಪರಿಣಾಮ ಎಂದೇ ಹೆಸರು. ಮೊಲದ ಆವರ್ತಕ್ಕೆ ಆಹಾರ ಮತ್ತು ಬೇಟೆಪ್ರಾಣಿ ಎರಡೂ ಸೇರಿ ಕಾರಣ ಎಂಬುದನ್ನು ಕೆನಡಾದ ಕ್ಲುವಾನೆ ಪ್ರದೇಶದಲ್ಲಿ ಚಾರ್ಲ್ಸ್ ಕ್ರೆಬ್ಸ್ ತಂಡ ಮಾಡಿದ ಪ್ರಯೋಗ 1995ರಲ್ಲಿ ತೋರಿಸಿತು. ಮ್ಯಾಕೆಂಜಿ ನದಿ ಪ್ರದೇಶದ 1821ರಿಂದ 1934ರವರೆಗಿನ 114 ವರ್ಷದ ಲಿಂಕ್ಸ್ ಅಂಕಿಗಳು ಈಗ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಗಣಕ ತಂತ್ರಾಂಶದ ಜೊತೆಗೇ ಬರುತ್ತವೆ. ಲಿಂಕ್ಸ್ ಎಂದರೆ ಏನೆಂದು ಅರಿಯದವರೂ ಅದರ ಮೇಲೆ ಕೈ ಪಳಗಿಸಿಕೊಂಡಿದ್ದಾರೆ.

1927ರ ಪುಸ್ತಕ

ಹಕ್ಸ್‌ಲಿಯ ಒತ್ತಾಯಕ್ಕೆ ಎಲ್ಟನ್ ಮೂರೇ ತಿಂಗಳಲ್ಲಿ ಬರೆದು ಮುಗಿಸಿದ ‘ಅನಿಮಲ್ ಇಕಾಲಜಿ’ 1927ರಲ್ಲಿ ಹೊರಬಂತು. ಲೇಖಕನಿಗೆ ಆಗ ಇಪ್ಪತ್ತೇಳು. ಇನ್ನೂರು ಚಿಲ್ಲರೆ ಪುಟದ ಈ ಪುಸ್ತಕದಲ್ಲಿ ಪ್ರಾಣಿ ಸಮುದಾಯವನ್ನು ನೋಡುವ ಒಂದು ಚೌಕಟ್ಟು ಇದೆ. ಎಲ್ಲ ಪ್ರಾಣಿಗಳನ್ನೂ ಒಂದಕ್ಕೊಂದು ಕಟ್ಟಿಹಾಕುವುದು ಆಹಾರ. ತಿನ್ನುವ ಸರಪಳಿಗಳು ಹೆಣೆದುಕೊಂಡು ಜಾಲವಾಗುತ್ತವೆ. ಸರಪಳಿಯ ಕೊಂಡಿಗಳು ಎಷ್ಟು ಎಂಬುದನ್ನು ನಿರ್ಧರಿಸುವುದರಲ್ಲಿ ಗಾತ್ರಕ್ಕೆ ದೊಡ್ಡ ಪಾತ್ರವಿದೆ: ತೀರ ದೊಡ್ಡದನ್ನು ಹಿಡಿಯಲಾಗುವುದಿಲ್ಲ, ತೀರ ಸಣ್ಣದನ್ನು ಹಿಡಿದರೆ ಹೊಟ್ಟೆ ತುಂಬುವುದಿಲ್ಲ. ಸಣ್ಣ ಪ್ರಾಣಿಗಳು ಬೇಗ ಹೆಚ್ಚುತ್ತವೆ, ದೊಡ್ಡವು ನಿಧಾನ; ಆದ್ದರಿಂದ ಮೇಲಕ್ಕೆ ಹೋದಂತೆ ಸಂಖ್ಯೆ ಕಿರಿದಾಗುತ್ತ ಪಿರಮಿಡ್ ಆಕಾರ ತಾಳುತ್ತದೆ. ಈ ಪಿರಮಿಡ್‌ಗೆ ಎಲ್ಟನ್‌ನ ಹೆಸರೇ ಅಂಟಿಕೊಂಡಿದೆ. ಅದು ಏಕೆ ಹಾಗಿದೆ ಎಂಬುದಕ್ಕೆ ಶಕ್ತಿಯ ಲೆಕ್ಕದಲ್ಲಿ ವಿವರಣೆ ಬಂದದ್ದು 1942ರಲ್ಲಿ, ಅಮೆರಿಕದ ಲಿಂಡೆಮನ್ ಬರೆದ ಪ್ರಬಂಧದಿಂದ.

ಪುಸ್ತಕದ ಇನ್ನೊಂದು ಕೊಡುಗೆ ನಿಶ್ ಎಂಬ ಪರಿಕಲ್ಪನೆಗೆ ಕೊಟ್ಟ ಹೊಸ ತಿರುವು. ಅಮೆರಿಕದ ಗ್ರಿನೆಲ್ ಆ ಪದವನ್ನು ಒಂದು ಪ್ರಾಣಿಗೆ ಬೇಕಾದ ಪರಿಸರದ ಅರ್ಥದಲ್ಲಿ ಬಳಸಿದ್ದ. ಎಲ್ಟನ್‌ಗೆ ಅದು ಸಮುದಾಯದಲ್ಲಿ ಪ್ರಾಣಿ ನಿರ್ವಹಿಸುವ ಕೆಲಸ: ಏನನ್ನು ತಿನ್ನುತ್ತದೆ, ಯಾರಿಗೆ ಆಹಾರವಾಗುತ್ತದೆ. ಹೀಗೆ ನೋಡಿದಾಗ ಧ್ರುವದ ಹಿಮನರಿ ಮತ್ತು ಆಫ್ರಿಕಾದ ಕತ್ತೆಕಿರುಬ ಸಂಬಂಧಿಗಳಲ್ಲದಿದ್ದರೂ ಒಂದೇ ಜಾಗ ತುಂಬುತ್ತವೆ. ಒಂದು ಹಿಮಕರಡಿ ತಿಂದು ಬಿಟ್ಟದ್ದನ್ನು, ಇನ್ನೊಂದು ಸಿಂಹ ತಿಂದು ಬಿಟ್ಟದ್ದನ್ನು ಹಿಂದೆ ಹೋಗಿ ಬಾಚುತ್ತದೆ. ಹೊರಗಿನ ಜೀವಿಯೊಂದು ಬಂದಾಗ ಅದಕ್ಕೆ ಖಾಲಿ ಜಾಗ ಇದೆಯೇ, ಯಾರ ಜಾಗವನ್ನು ಕಿತ್ತುಕೊಳ್ಳುತ್ತದೆ ಎಂದು ಮುಂದೆ ಕೇಳಿದ ಪ್ರಶ್ನೆಗಳ ಬೀಜ ಇಲ್ಲಿದೆ.

ಪ್ರಾಣಿಸಂಖ್ಯಾ ಸಂಸ್ಥೆ

1931ರಲ್ಲಿ ಕೆನಡಾದ ಮ್ಯಾಟಮೆಕ್‌ನಲ್ಲಿ ನಡೆದ, ಜೈವಿಕ ಆವರ್ತಗಳ ಕುರಿತ ಸಮಾವೇಶದಲ್ಲಿ ಎಲ್ಟನ್‌ಗೆ ಆಲ್ಡೊ ಲಿಯೊಪೋಲ್ಡ್‌ನ ಪರಿಚಯವಾಯಿತು. ಅಮೆರಿಕದ ವನ್ಯಜೀವಿ ನಿರ್ವಹಣೆಗೂ ಆಕ್ಸ್‌ಫರ್ಡಿಗೂ ಆ ಸ್ನೇಹ ಸೇತುವಾಯಿತು. ಮರುವರ್ಷ, 1932ರಲ್ಲಿ, ಆಕ್ಸ್‌ಫರ್ಡಿನಲ್ಲಿ ‘ಬ್ಯೂರೊ ಆಫ್ ಅನಿಮಲ್ ಪಾಪ್ಯುಲೇಷನ್’ ಸ್ಥಾಪನೆಯಾಯಿತು. ಅದೇ ವರ್ಷ ಬ್ರಿಟಿಷ್ ಇಕಾಲಜಿಕಲ್ ಸೊಸೈಟಿ ಆರಂಭಿಸಿದ ‘ಜರ್ನಲ್ ಆಫ್ ಅನಿಮಲ್ ಇಕಾಲಜಿ’ಗೆ ಎಲ್ಟನ್‌ನೇ ಮೊದಲ ಸಂಪಾದಕ. ಸಂಸ್ಥೆ ಎಂದೂ ದೊಡ್ಡದಾಗಲಿಲ್ಲ. ಕೆಲವೇ ಸಿಬ್ಬಂದಿ, ಒಳ್ಳೆಯ ಗ್ರಂಥಾಲಯ, ಬಂದು ಹೋಗುವ ವಿದೇಶಿ ಸಂಶೋಧಕರು. ಡೆನಿಸ್ ಚಿಟ್ಟಿ ಇಲ್ಲಿ ವೋಲ್ ಎಂಬ ಹುಲ್ಲುಗಾವಲಿನ ಇಲಿಗಳ ಏರಿಳಿತವನ್ನು ಬೆನ್ನುಹತ್ತಿದ. ಮಿಡಲ್‌ಟನ್ ಅಮೆರಿಕದಿಂದ ಬಂದ ಬೂದು ಅಳಿಲು ಬ್ರಿಟನ್ನಿನಲ್ಲಿ ಹಬ್ಬಿದ ದಾರಿಯನ್ನು ಗುರುತಿಸಿದ. ಪ್ಯಾಟ್ರಿಕ್ ಲೆಸ್ಲಿ 1945ರಲ್ಲಿ ವಯೋಮಾನದ ಆಧಾರದ ಮೇಲೆ ಜೀವಿಸಂಖ್ಯೆಯನ್ನು ಮುನ್ನೋಡುವ ಗಣಿತವನ್ನು ರೂಪಿಸಿದ. ಲೆಸ್ಲಿ ಮಾತೃಕೆ ಎಂದು ಅದು ಇಂದು ಹುಲಿ, ಆನೆಗಳ ಲೆಕ್ಕಕ್ಕೂ ಬಳಕೆಯಲ್ಲಿದೆ.

ಎರಡನೆಯ ಮಹಾಯುದ್ಧ ಸಂಸ್ಥೆಗೆ ಹೊಸ ಕೆಲಸ ಕೊಟ್ಟಿತು. ಹಡಗಿನಲ್ಲಿ ಬರುವ ಧಾನ್ಯ ಜರ್ಮನ್ ಜಲಾಂತರ್ಗಾಮಿಗಳಿಗೆ ತುತ್ತಾಗುತ್ತಿದ್ದಾಗ, ದಡ ಸೇರಿದ್ದನ್ನು ಇಲಿ ಹೆಗ್ಗಣಗಳು ತಿನ್ನದಂತೆ ಕಾಯಬೇಕಿತ್ತು. ವಿಷ ಇಟ್ಟರೆ ಹೆಗ್ಗಣ ಮೊದಲ ದಿನ ಹತ್ತಿರ ಸುಳಿಯುವುದಿಲ್ಲ. ಹೊಸದನ್ನು ಕಂಡರೆ ಅದಕ್ಕೆ ಅನುಮಾನ. ಒಂಚೂರು ರುಚಿ ನೋಡಿ ಹೊಟ್ಟೆ ಕೆಟ್ಟು ಬದುಕುಳಿದರೆ ಮತ್ತೆ ಆ ತೀನಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಕೆಲವು ದಿನ ವಿಷವಿಲ್ಲದ ತೀನಿಯನ್ನೇ ಅದೇ ಜಾಗದಲ್ಲಿಟ್ಟು, ಎಷ್ಟು ಖಾಲಿಯಾಗುತ್ತದೆ ಎಂದು ತೂಗಿ ನೋಡಿ, ಎಲ್ಲ ಹೆಗ್ಗಣಗಳೂ ನೆಚ್ಚಿದ ಮೇಲೆ ಒಂದು ರಾತ್ರಿ ವಿಷ ಬೆರೆಸುವ ಕ್ರಮವನ್ನು ಚಿಟ್ಟಿ ಮತ್ತು ಸಂಗಡಿಗರು ಒರೆಗೆ ಹಚ್ಚಿ ನೋಡಿದರು. ತೂಗಿದ ತೀನಿಯೇ ಹೆಗ್ಗಣಗಳ ಜನಗಣತಿಯೂ ಆಯಿತು. ಇಲಿಗಳು ಬಹುತೇಕ ಎಲ್ಲೆಡೆಯೂ ಮನುಷ್ಯನ ಹಡಗು ಹತ್ತಿ ಬಂದ ಪರದೇಶಿಗಳೇ ಎಂಬುದನ್ನು ನೆನೆದರೆ, ಆಕ್ರಮಣಕಾರಿ ಜೀವಿಗಳ ಮೇಲೆ ಎಲ್ಟನ್‌ನ ಪ್ರಾಯೋಗಿಕ ಅನುಭವ ಪುಸ್ತಕ ಬರೆಯುವುದಕ್ಕೆ ಬಹಳ ಮುಂಚೆಯೇ ಶುರುವಾಗಿತ್ತು ಎನ್ನಬೇಕು.

ಆಕ್ರಮಣಗಳ ಗ್ರಂಥ

1957ರಲ್ಲಿ ಬಿಬಿಸಿಗಾಗಿ ಎಲ್ಟನ್ ಮೂರು ಬಾನುಲಿ ಭಾಷಣ ಮಾಡಿದ. ಅವುಗಳನ್ನು ಬೆಳೆಸಿ 1958ರಲ್ಲಿ ಹೊರತಂದದ್ದು ‘ದಿ ಇಕಾಲಜಿ ಆಫ್ ಇನ್ವೇಷನ್ಸ್ ಬೈ ಅನಿಮಲ್ಸ್ ಅಂಡ್ ಪ್ಲಾಂಟ್ಸ್’. ಭಾಷಣದ ಬಿಸಿ ಪುಸ್ತಕದಲ್ಲಿ ಉಳಿದಿದೆ. ಬಾಂಬ್ ಸ್ಫೋಟದ ಭಾಷೆ, ಯುದ್ಧದ ಭಾಷೆ ಧಾರಾಳವಾಗಿ ಬರುತ್ತದೆ. ಶೀತಲಯುದ್ಧದ ದಿನಗಳಲ್ಲಿ ಕೇಳುಗರ ಕಿವಿ ನಿಮಿರಿಸಲು ಅದು ಒದಗಿತು, ಆದರೆ ಮುಂದಿನ ಟೀಕಾಕಾರರಿಗೂ ಅದೇ ಹಿಡಿ ಸಿಕ್ಕಿತು.

ವಾದದ ತಳಹದಿ ಪ್ರಾಣಿಭೂಗೋಳ. ಆಲ್‌ಫ್ರೆಡ್ ರಸೆಲ್ ವಾಲೆಸ್ ಭೂಮಿಯನ್ನು ಆರು ಪ್ರಾಣಿಪ್ರದೇಶಗಳಾಗಿ ವಿಂಗಡಿಸಿದ್ದ. ಸಮುದ್ರ, ಪರ್ವತ, ಮರುಭೂಮಿಗಳು ಕೋಟ್ಯಂತರ ವರ್ಷ ಈ ಪ್ರದೇಶಗಳನ್ನು ದೂರವಿಟ್ಟದ್ದರಿಂದಲೇ ಒಂದೊಂದರ ಜೀವಿಗಳೂ ಬೇರೆ ಬೇರೆ. ಹಡಗು, ಕಾಲುವೆ, ರೈಲು, ವಿಮಾನಗಳಿಂದ ಮನುಷ್ಯ ಕೆಲವೇ ಶತಮಾನಗಳಲ್ಲಿ ಆ ತಡೆಗೋಡೆಗಳನ್ನು ಒಡೆದುಹಾಕಿದ. ಇದರ ಪರಿಣಾಮ ಮುಂದೆಯೂ ನಡೆಯುತ್ತಲೇ ಇರುತ್ತದೆ, ಜೀವಜಗತ್ತು ಎಲ್ಲೆಡೆ ಒಂದೇ ಥರ ಆಗುವ ಕಡೆಗೆ ಸಾಗುತ್ತದೆ ಎಂಬುದು ಎಲ್ಟನ್‌ನ ಕಾಣ್ಕೆ.

ಉದಾಹರಣೆಗಳು ಪುಸ್ತಕದ ಜೀವಾಳ. 1905ರಲ್ಲಿ ಪ್ರಾಗ್ ನಗರದ ಸಮೀಪದ ಜಹಗೀರಿನಲ್ಲಿ ಶ್ರೀಮಂತನೊಬ್ಬ ಅಮೆರಿಕದ ಐದು ಮಸ್ಕ್‌ರ್ಯಾಟ್‌ಗಳನ್ನು ಬಿಟ್ಟ. ಅವುಗಳ ಸಂತಾನ ಮಧ್ಯ ಯೂರೋಪಿನ ಕೆರೆಕಟ್ಟೆಗಳ ಏರಿ ಕೊರೆಯುತ್ತ ದೇಶ ದೇಶ ದಾಟಿತು. 1890ರಿಂದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟ ಸುಮಾರು ನೂರು ಯೂರೋಪಿಯನ್ ಕಬ್ಬಕ್ಕಿಗಳು ಅರ್ಧ ಶತಮಾನದೊಳಗೆ ಅಮೆರಿಕದ ಇನ್ನೊಂದು ಕರಾವಳಿ ಮುಟ್ಟಿದವು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಏಷ್ಯಾ ಮೂಲದ ಶಿಲೀಂಧ್ರ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ಕಾಡಿನಿಂದಲೇ ಅಳಿಸಿತು. ವೆಲ್ಯಾಂಡ್ ಕಾಲುವೆ ನಯಾಗರಾ ಜಲಪಾತವನ್ನು ಬಳಸಿ ಹಡಗಿಗೆ ದಾರಿ ಮಾಡಿಕೊಟ್ಟಾಗ, ಮೀನಿನ ಮೈಗೆ ಬಾಯಿಂದ ಅಂಟಿಕೊಂಡು ರಕ್ತ ಹೀರುವ ಸಮುದ್ರ ಲ್ಯಾಂಪ್ರೆಗೂ ದಾರಿಯಾಯಿತು; ಮಹಾಸರೋವರಗಳ ಟ್ರೌಟ್ ಮೀನುಗಾರಿಕೆ ನೆಲಕಚ್ಚಿತು. ಬ್ರಿಟನ್ನಿನ ಸೌತಾಂಪ್ಟನ್ ಬಳಿಯ ಕೆಸರುದಡದಲ್ಲಿ ಅಮೆರಿಕದ ಒಂದು ಹುಲ್ಲು ಸ್ಥಳೀಯ ಹುಲ್ಲಿನೊಂದಿಗೆ ಬೆರೆತು ಹೊಸ ಹುಲ್ಲೇ ಹುಟ್ಟಿ ದಡಗಳನ್ನು ಆವರಿಸಿದ್ದು ಇನ್ನೊಂದು ಬಗೆ.

ಇವುಗಳಲ್ಲಿ ಅತ್ಯಂತ ಘೋರವಾದದ್ದು ಬ್ರೆಜಿಲ್ಲಿನದು. ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆ 1930ರಲ್ಲಿ ನಟಾಲ್ ಬಂದರಿನಲ್ಲಿ ಸಿಕ್ಕಿತು. ಡಕಾರ್‌ನಿಂದ ಬರುತ್ತಿದ್ದ ವೇಗದ ಹಡಗು ಅದನ್ನು ದಾಟಿಸಿರಬೇಕು. ಊರಲ್ಲಿ ಮಲೇರಿಯಾ ಹಬ್ಬಿ ಇಳಿಯಿತು, ಎಚ್ಚರ ತಪ್ಪಿತು. ಸೊಳ್ಳೆ ಮಾತ್ರ ಕರಾವಳಿಗುಂಟ ಸದ್ದಿಲ್ಲದೆ ಸರಿಯುತ್ತಿತ್ತು. 1938ರಲ್ಲಿ ಜಗ್ವರೀಬೆ ಕಣಿವೆಯಲ್ಲಿ ಸ್ಫೋಟಿಸಿದ ಸಾಂಕ್ರಾಮಿಕದಲ್ಲಿ ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಫ್ರೆಡ್ ಸೋಪರ್ ನೇತೃತ್ವದಲ್ಲಿ ಸಾವಿರಾರು ಕೆಲಸಗಾರರು ಮನೆ ಮನೆ, ಹೊಂಡ ಹೊಂಡ ಶೋಧಿಸಿ 1940ರ ಹೊತ್ತಿಗೆ ಆ ಸೊಳ್ಳೆಯನ್ನು ಬ್ರೆಜಿಲ್ಲಿನಿಂದ ನಿರ್ಮೂಲ ಮಾಡಿದರು. ಬೇರೂರಿದ ಆಕ್ರಮಣಕಾರಿ ಜೀವಿಯನ್ನು ಪೂರ್ತಿ ಕಿತ್ತುಹಾಕಿದ ನಿದರ್ಶನಗಳು ವಿರಳ, ಇದು ಅವುಗಳಲ್ಲೊಂದು.

ಪುಸ್ತಕದ ಸೈದ್ಧಾಂತಿಕ ಮಾತು ಒಂದೇ, ಆದರೆ ಅದು ಅರ್ಧ ಶತಮಾನದ ಸಂಶೋಧನೆಗೆ ಸಾಕಾಯಿತು: ಪ್ರಭೇದಗಳು ಹೆಚ್ಚಾಗಿರುವ ಸಮುದಾಯ ಹೊರಗಿನವರನ್ನು ಸುಲಭವಾಗಿ ಒಳಬಿಡುವುದಿಲ್ಲ. ಬಂದ ಹೊಸಬನಿಗೆ ಅಲ್ಲಿ ಪೈಪೋಟಿ ಇದೆ, ಹಿಡಿದು ತಿನ್ನುವವರಿದ್ದಾರೆ, ಪರತಂತ್ರ ಜೀವಿಗಳಿವೆ. ದ್ವೀಪಗಳೂ ಏಕಬೆಳೆಯ ಹೊಲಗಳೂ ಪದೇ ಪದೇ ಪಿಡುಗಿಗೆ ತುತ್ತಾಗುವುದು, ಮಳೆಕಾಡಿನಲ್ಲಿ ಅಂಥ ಸ್ಫೋಟ ಕಾಣದಿರುವುದು ಇದಕ್ಕೆ ಕೊಟ್ಟ ಸಾಕ್ಷಿಗಳಲ್ಲಿ ಸೇರಿವೆ. ಇದರಿಂದ ಹೊರಟ ಸಲಹೆ ರೈತನಿಗೂ ಅಧಿಕಾರಿಗೂ ಅರ್ಥವಾಗುವಂಥದು: ಬೇಲಿಸಾಲು, ರಸ್ತೆಯ ಅಂಚು, ಹೊಲದ ಮೂಲೆಗಳಲ್ಲಿ ಬಗೆಬಗೆಯ ಗಿಡ ಉಳಿಸಿ, ಕೀಟನಾಶಕವನ್ನು ಕುರುಡಾಗಿ ಸುರಿಯಬೇಡಿ. ನಾಲ್ಕು ವರ್ಷದ ನಂತರ ಬಂದ ರೇಚೆಲ್ ಕಾರ್ಸನ್‌ಳ ‘ಸೈಲೆಂಟ್ ಸ್ಪ್ರಿಂಗ್’ ಎಲ್ಟನ್‌ನನ್ನು ಆಧಾರವಾಗಿ ಉಲ್ಲೇಖಿಸುತ್ತದೆ.

ವೈಥಮ್ ಕಾಡು ಮತ್ತು ಕೊನೆಯ ವರ್ಷಗಳು

ಆಕ್ಸ್‌ಫರ್ಡಿನ ಹೊರವಲಯದ ವೈಥಮ್ ಕಾಡು 1940ರ ದಶಕದ ಆರಂಭದಲ್ಲಿ ವಿಶ್ವವಿದ್ಯಾನಿಲಯದ ಕೈಗೆ ಬಂತು. ಎಲ್ಟನ್ ಅಲ್ಲಿ ಎಲ್ಲ ಪ್ರಾಣಿಗಳನ್ನೂ ಅವುಗಳ ಆವಾಸಗಳೊಂದಿಗೆ ದಾಖಲಿಸುವ ಸಮೀಕ್ಷೆ ಕೈಗೊಂಡ. ಎರಡು ದಶಕದ ಈ ಶ್ರಮದ ಫಲ 1966ರ ‘ದಿ ಪ್ಯಾಟರ್ನ್ ಆಫ್ ಅನಿಮಲ್ ಕಮ್ಯುನಿಟೀಸ್’. ಬಿದ್ದು ಕೊಳೆಯುವ ಮರವನ್ನು ಕಾಡಿನಿಂದ ತೆಗೆದುಹಾಕಿದರೆ ಅಲ್ಲಿನ ಪ್ರಾಣಿಪ್ರಭೇದಗಳಲ್ಲಿ ಐದನೆಯ ಒಂದು ಭಾಗದಷ್ಟು ಇಲ್ಲವಾಗಬಹುದು ಎಂಬ ಅಂದಾಜು ಈ ಪುಸ್ತಕದ್ದು. ಕಾಡನ್ನು ಚೊಕ್ಕಟವಾಗಿಡಬೇಕೆಂಬ ಅರಣ್ಯ ಇಲಾಖೆಗಳ ಚಾಳಿಗೆ ಇದು ದೊಡ್ಡ ಪೆಟ್ಟು. ಆದರೂ ಗ್ರಂಥವಾಗಿ ಅದು ಹಿಂದಿನವುಗಳಷ್ಟು ಪ್ರಭಾವ ಬೀರಲಿಲ್ಲ. ಗಣಿತದ ಮಾದರಿಗಳ ಕಾಲ ಬಂದಿತ್ತು. ತಾಳ್ಮೆಯ ವಿವರಣೆ ಹಳತಾಗಿ ಕಂಡಿತು.

ಎಲ್ಟನ್ 1953ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1949ರಲ್ಲಿ ಹುಟ್ಟಿದ ಬ್ರಿಟನ್ನಿನ ನಿಸರ್ಗ ಸಂರಕ್ಷಣಾ ಸಂಸ್ಥೆಯ ನೀತಿ ರೂಪಿಸುವಲ್ಲಿಯೂ ಪಾಲ್ಗೊಂಡ. 1967ರಲ್ಲಿ ನಿವೃತ್ತನಾದಾಗ ವಿಶ್ವವಿದ್ಯಾನಿಲಯ ಅವನು ಕಟ್ಟಿದ ಸಂಸ್ಥೆಯನ್ನೂ ಮುಚ್ಚಿತು. ಆಮೇಲೆ ಬಂದವು ಡಾರ್ವಿನ್ ಪದಕ (1970), ಟೈಲರ್ ಪ್ರಶಸ್ತಿ (1976). ಸಂಕೋಚದ ಸ್ವಭಾವ, ಸಭೆ ಸಮಾರಂಭಗಳೆಂದರೆ ಆಗದು. 1937ರಲ್ಲಿ ಮದುವೆಯಾದ ಎರಡನೆಯ ಹೆಂಡತಿ ಜಾಯ್ ಸ್ಕೋವೆಲ್ ಹೆಸರಾಂತ ಕವಿ. ಮುಪ್ಪಿನಲ್ಲಿ ಉಷ್ಣವಲಯದ ಅಮೆರಿಕದ ಮಳೆಕಾಡುಗಳಿಗೆ ಹೋಗಿ ಕೀಟಗಳನ್ನು ಎಣಿಸಿದಾಗ ಈಕೆಯೂ ಜೊತೆಗಿದ್ದಳು. ಎಲ್ಟನ್ 1991ರ ಮೇ 1ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡ.

ಸಿದ್ಧಾಂತದ ಪರೀಕ್ಷೆ

ಎಲ್ಟನ್‌ನ ವೈವಿಧ್ಯ ಸಿದ್ಧಾಂತಕ್ಕೆ ಮೊದಲ ದೊಡ್ಡ ಹೊಡೆತ 1970ರ ದಶಕದಲ್ಲಿ ರಾಬರ್ಟ್ ಮೇ ಕೊಟ್ಟದ್ದು: ಗಣಿತದ ಮಾದರಿಯಲ್ಲಿ ಪ್ರಭೇದಗಳು ಹೆಚ್ಚಿದಷ್ಟೂ ಸಮುದಾಯ ಗಟ್ಟಿಯಾಗುವ ಬದಲು ಅಸ್ಥಿರವಾಗಬಹುದು. 1980ರ ದಶಕದಲ್ಲಿ ಸ್ಕೋಪ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಮೂಲಕ ಆಕ್ರಮಣ ಪರಿಸರ ವಿಜ್ಞಾನ ಒಂದು ಶಾಖೆಯಾಗಿ ತಲೆಯೆತ್ತಿದ ಮೇಲೆ ನೆಲದ ಮೇಲಿನ ಪರೀಕ್ಷೆಗಳು ನಡೆದವು. ಫಲಿತಾಂಶ ವಿಚಿತ್ರ. ಒಂದೆರಡು ಮೀಟರ್ ಅಗಲದ ಪ್ರಯೋಗ ಪಾತಿಗಳಲ್ಲಿ ಎಲ್ಟನ್ ಹೇಳಿದಂತೆಯೇ, ಹೆಚ್ಚು ಪ್ರಭೇದಗಳಿದ್ದ ಕಡೆ ಹೊರಗಿನ ಗಿಡ ಕಡಿಮೆ. ಆದರೆ ಇಡೀ ಪ್ರದೇಶವನ್ನು ಅಳೆದರೆ ಸ್ಥಳೀಯ ಗಿಡ ಸಮೃದ್ಧವಾಗಿರುವ ಕಡೆಯೇ ಹೊರಗಿನವೂ ಸಮೃದ್ಧ, ಏಕೆಂದರೆ ಒಳ್ಳೆಯ ಮಣ್ಣು ನೀರು ಎಲ್ಲರಿಗೂ ಒಳ್ಳೆಯದೇ.

ಯುದ್ಧದ ಭಾಷೆಯ ಬಗೆಗಿನ ಆಕ್ಷೇಪವೂ ಹರಿತವಾಯಿತು. 2011ರಲ್ಲಿ ಹತ್ತೊಂಬತ್ತು ಪರಿಸರ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ, ಜೀವಿಯನ್ನು ಅದರ ಹುಟ್ಟೂರಿನಿಂದ ಅಳೆಯಬೇಡಿ, ಅದು ಮಾಡುವ ಕೆಲಸದಿಂದ ಅಳೆಯಿರಿ ಎಂದು ವಾದಿಸಿದರು; 141 ವಿಜ್ಞಾನಿಗಳು ಅದನ್ನು ವಿರೋಧಿಸಿ ಸಹಿ ಹಾಕಿದರು. 2023ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಐಪಿಬಿಇಎಸ್ ವರದಿ ಲೆಕ್ಕ ಹಾಕಿದಂತೆ, ಮನುಷ್ಯನಿಂದ ಹೊಸ ನೆಲಕ್ಕೆ ಬಂದು ನೆಲೆಸಿದ ಪ್ರಭೇದಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕವೆಂದು ದಾಖಲಾದವು 3,500ಕ್ಕೂ ಹೆಚ್ಚು. ಬಂದವರೆಲ್ಲ ಪೀಡಕರಲ್ಲ ಎಂಬುದಕ್ಕೂ, ಪೀಡಕರು ಸಣ್ಣ ಸಂಖ್ಯೆಯಲ್ಲ ಎಂಬುದಕ್ಕೂ ಈ ಅಂಕಿಗಳು ಒಟ್ಟಿಗೇ ಸಾಕ್ಷಿ.

ಇಂದಿನ ಅರ್ಥದ ಹವಾಮಾನ ಬದಲಾವಣೆ 1958ರ ಪುಸ್ತಕದಲ್ಲಿಲ್ಲ. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ ವಾತಾವರಣದ ಇಂಗಾಲದ ಡೈಆಕ್ಸೈಡನ್ನು ನಿರಂತರವಾಗಿ ಅಳೆಯತೊಡಗಿದ್ದೇ ಆ ವರ್ಷ. ಆದರೆ ಎಲ್ಟನ್ ಓಡಾಡಿದ ನೆಲಗಳೇ ಆ ಬದಲಾವಣೆಯ ಪ್ರಯೋಗಶಾಲೆಗಳಾಗಿವೆ. ವೈಥಮ್‌ನಲ್ಲಿ ಡೇವಿಡ್ ಲ್ಯಾಕ್ 1947ರಲ್ಲಿ ಆರಂಭಿಸಿದ ದೊಡ್ಡ ಚೇಕಡಿ ಹಕ್ಕಿಗಳ ಅಧ್ಯಯನ ಇನ್ನೂ ನಡೆದಿದೆ. ವಸಂತ ಬೆಚ್ಚಗಾದಂತೆ ಅವು ಮೊಟ್ಟೆಯಿಡುವ ಕಾಲ 1961ರಿಂದ 2007ರ ನಡುವೆ ಸುಮಾರು ಎರಡು ವಾರದಷ್ಟು ಬೇಗ ಬರುವಂತಾಗಿದೆ. ಮರಿಗಳಿಗೆ ಉಣಿಸುವ ಹಸಿರು ಹುಳುಗಳೂ ಮೊದಲೇ ಏಳುತ್ತಿರುವುದರಿಂದ ಹಕ್ಕಿ ಹೇಗೋ ಹೆಜ್ಜೆ ಹಾಕುತ್ತಿದೆ. ಅದೇ ಕಾಡಿನ ಆ್ಯಶ್ ಮರಗಳನ್ನು ಪೂರ್ವ ಏಷ್ಯಾ ಮೂಲದ ಶಿಲೀಂಧ್ರವೊಂದು ಒಣಗಿಸುತ್ತಿದೆ.

ಸ್ಪಿಟ್ಸ್‌ಬರ್ಗನ್‌ನದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿಗೆ ಗಣಿಗಾರಿಕೆಯ ಸರಕಿನೊಂದಿಗೆ ಬಂದ ಪೂರ್ವ ಯೂರೋಪಿನ ಒಂದು ವೋಲ್ ಗ್ರುಮಾಂಟ್ ಪ್ರದೇಶದ ಹಕ್ಕಿಬಂಡೆಗಳ ಕೆಳಗೆ ನೆಲೆಸಿದೆ. ಚಳಿಗಾಲದಲ್ಲಿ ಹಿಮದ ಬದಲು ಮಳೆ ಸುರಿದರೆ ನೆಲದ ಮೇಲೆ ಗಟ್ಟಿ ಮಂಜುಗಡ್ಡೆ ಕಟ್ಟಿ ಹುಲ್ಲು ಮುಚ್ಚಿಹೋಗುತ್ತದೆ. ಅಂಥ ವರ್ಷ ಹಿಮಸಾರಂಗ, ಟಾರ್ಮಿಗನ್ ಎಂಬ ನೆಲಹಕ್ಕಿ, ಈ ಪರದೇಶಿ ವೋಲ್ ಮೂರೂ ಒಟ್ಟಿಗೆ ಕುಸಿಯುತ್ತವೆ. ಸತ್ತ ಸಾರಂಗಗಳನ್ನು ತಿಂದ ಹಿಮನರಿ ಮಾತ್ರ ಒಂದು ವರ್ಷ ತಡವಾಗಿ ಕುಸಿಯುತ್ತದೆ ಎಂದು 2013ರಲ್ಲಿ ನಾರ್ವೆಯ ಸಂಶೋಧಕರು ತೋರಿಸಿದರು. ಹವೆ ಹಲವು ಪ್ರಾಣಿಗಳನ್ನು ಒಂದೇ ಹೆಜ್ಜೆಗೆ ತರಬಹುದೆಂಬ 1924ರ ಊಹೆಗೆ, ಸೌರಕಲೆಯನ್ನು ಬಿಟ್ಟರೆ, ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಭಾರತದ ಸಂದರ್ಭ

ಎಲ್ಟನ್ ವಿವರಿಸಿದ ಬಗೆಯ ಕಥೆಗಳಿಗೆ ಭಾರತದಲ್ಲಿ ಕೊರತೆಯಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಹಿಡಿದೊಡನೆ ಗಿಡಗಳನ್ನು ಮುತ್ತುವ ಶಂಖುಹುಳು ಪೂರ್ವ ಆಫ್ರಿಕಾದ ದೈತ್ಯ ಬಸವನಹುಳು. ಅದನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದು ಬಿಟ್ಟವನು ವಿಲಿಯಂ ಬೆನ್ಸನ್ ಎಂಬ ಶಂಖಪ್ರಿಯ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಪಾರ್ಥೇನಿಯಂ, ಕನ್ನಡ ನಾಡಿನ ಕಾಂಗ್ರೆಸ್ ಗಿಡ, ಬೀಳುಭೂಮಿಯನ್ನೆಲ್ಲ ತುಂಬಿತು. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು.

ಆದರೆ ಎಲ್ಟನ್‌ನ ಸಿದ್ಧಾಂತವನ್ನು ನಿಜವಾಗಿ ಒರೆಗೆ ಹಚ್ಚುವುದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಈ ಅಮೆರಿಕದ ಪೊದೆ ಬಿಳಿಗಿರಿರಂಗನ ಬೆಟ್ಟದಂಥ ಪ್ರಭೇದಸಮೃದ್ಧ ಕಾಡಿನೊಳಗೂ ನುಗ್ಗಿದೆ. ಅಲ್ಲಿ ಗುರುತು ಹಾಕಿ ಸಮೀಕ್ಷೆ ಮಾಡಿದ ತುಣುಕುಗಳಲ್ಲಿ 1997ರಲ್ಲಿ ಶೇಕಡ 41ರಲ್ಲಿ ಲಂಟಾನ ಇತ್ತು, 2008ರಲ್ಲಿ ಶೇಕಡ 81ರಲ್ಲಿ. ಅದು ಹೆಚ್ಚಿದ ಅವಧಿಯಲ್ಲೇ ಸ್ಥಳೀಯ ಗಿಡಮರಗಳ ವೈವಿಧ್ಯವೂ ಕುಂದಿತು. ಬೆಟ್ಟದ ಸೋಲಿಗರು ಕೊಡುವ ಕಾರಣ ಬೇರೆ. ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗಳಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ, ಅವರ ಮಾತಿನ ‘ತರಗು ಬೆಂಕಿ’, ಲಂಟಾನದ ಸಸಿಗಳನ್ನು ಎಳೆಯದರಲ್ಲೇ ಸುಡುತ್ತಿತ್ತು. ಕಾಡು ವನ್ಯಜೀವಿಧಾಮವಾಗಿ ಬೆಂಕಿ ನಿಷಿದ್ಧವಾದ ಮೇಲೆ ಪೊದೆ ಮೇಲುಗೈ ಪಡೆಯಿತು ಎನ್ನುತ್ತಾರೆ. ಅಲ್ಲಿ ಕೆಲಸ ಮಾಡುವ ಪರಿಸರ ವಿಜ್ಞಾನಿಗಳೂ ಈ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಹಾಗಿದ್ದಲ್ಲಿ ಈ ಕಾಡನ್ನು ಹೊರಗಿನ ಗಿಡದಿಂದ ಕಾಯುತ್ತಿದ್ದದ್ದು ಪ್ರಭೇದಗಳ ಸಂಖ್ಯೆ ಒಂದೇ ಅಲ್ಲ, ಅಲ್ಲಿ ಬಾಳುವ ಜನರ ರೂಢಿಯೂ ಹೌದು. 1958ರ ಚೌಕಟ್ಟಿನಲ್ಲಿ ಇದಕ್ಕೆ ಜಾಗವಿರಲಿಲ್ಲ.